ಯಾರ ದನಿ ಮೊದಲು

ಒಂದು ಮೈಕು ಆರಿಸುವುದಕ್ಕೆ ನಂದಿತಾ ತೆಗೆದುಕೊಂಡಷ್ಟು ಕಾಲವನ್ನು ಅವಳ ಅಪ್ಪ-ಅಮ್ಮ ಅವಳಿಗೆ ಗಂಡು ಆರಿಸುವುದಕ್ಕೂ ತೆಗೆದುಕೊಂಡಿರಲಿಲ್ಲ. ಮೂರು ಶನಿವಾರ, ಬಿಟ್ಟೂಬಿಡದೆ, ಕಾಲೇಜು ಮುಗಿಸಿಕೊಂಡು ಅವಳು ತುಮಕೂರಿನ ಮಂಡಿಪೇಟೆಯಲ್ಲಿದ್ದ ಹಬೀಬ್ ಸಾಬರ ಮೈಕ್‌ಸೆಟ್ ಅಂಗಡಿಗೆ ಹೋಗಿ ಕೂತಳು. ಸಾಬರು ಪೆಟ್ಟಿಗೆಯಿಂದ ಒಂದೊಂದೇ ಮೈಕು ತೆಗೆದು, ಒರೆಸಿ, ವೈರು ಸಿಕ್ಕಿಸಿ ಕೊಡುವರು. ಇವಳು ಹೆಡ್‌ಫೋನ್ ಹಾಕಿಕೊಂಡು "ನಮಸ್ಕಾರ, ನಮ್ಮೋರ ದನಿಗೆ ಸ್ವಾಗತ" ಅನ್ನುವಳು, ಮುಖ ಕಿವುಚುವಳು, ಇನ್ನೊಂದು ತೋರಿಸಿ ಅನ್ನುವಳು. ಸಾಬರು ಬೇಜಾರಿಲ್ಲದೆ ಇನ್ನೊಂದು ತೆಗೆಯುವರು, ನಡುವೆ ಟೀ ತರಿಸುವರು.

'ನಮ್ಮೋರ ದನಿ' ಅವಳ ಪಾಡ್‌ಕಾಸ್ಟು. ಖಾಸಗಿ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಂದಿತಾಳಿಗೆ ಸುತ್ತಮುತ್ತಲಿನ ಹಳಬರನ್ನು ಮಾತಾಡಿಸಿ, ಆ ಮಾತನ್ನು ಇಂಟರ್‌ನೆಟ್ಟಿಗೆ ಹಾಕುವ ಹುಚ್ಚು. ಹನ್ನೊಂದು ಕಂತು ಮೊಬೈಲಿನಲ್ಲೇ ರೆಕಾರ್ಡ್ ಮಾಡಿದ್ದಳು. ಕೇಳುವವರು ಅಂದರೆ ಅವಳ ಅಮ್ಮ, ಇಬ್ಬರು ಗೆಳತಿಯರು, ಇಂಟರ್ನಲ್ ಮಾರ್ಕ್ಸಿನ ಮೇಲೆ ಕಣ್ಣಿಟ್ಟ ಒಂದಷ್ಟು ಹುಡುಗಿಯರು. ಅವರಲ್ಲೊಬ್ಬಳು ಧೈರ್ಯ ಮಾಡಿ, "ಮೇಡಂ, ನೀವು ಬಾವಿಯೊಳಗೆ ಕೂತ್ಕೊಂಡು ಮಾತಾಡ್ದಂಗೆ ಕೇಳುತ್ತೆ" ಅಂದುಬಿಟ್ಟಿದ್ದಳು. ಅವತ್ತಿನಿಂದ ಒಳ್ಳೆಯ ಮೈಕಿನ ಜಪ ಶುರುವಾಗಿತ್ತು.

ಅವಸರಕ್ಕೆ ಇನ್ನೊಂದು ಕಾರಣವಿತ್ತು. ಗುಬ್ಬಿಯ ಅಣ್ಣಯ್ಯಪ್ಪ ಪಾಡ್‌ಕಾಸ್ಟಿಗೆ ಒಪ್ಪಿದ್ದರು. ಅಣ್ಣಯ್ಯಪ್ಪ ನಂದಿತಾಳ ಅಜ್ಜಿಯ ತಮ್ಮ. ಹಗಲು ತೆಂಗಿನ ತೋಟ, ರಾತ್ರಿ ಪೌರಾಣಿಕ ನಾಟಕ ಎಂದು ಬದುಕಿದವರು. ರಾಜಪಾರ್ಟು ಅಂದರೆ ಅವರದೇ. ಅವರನ್ನು ಜನ ನೆನೆಸಿಕೊಳ್ಳುತ್ತಿದ್ದುದು ದನಿಗಿಂತ ಹೆಚ್ಚಾಗಿ ನೆನಪಿನ ಶಕ್ತಿಗೆ. ಹಳ್ಳಿಯ ನಾಟಕಗಳಲ್ಲಿ ಪರದೆಯ ಮಗ್ಗುಲಲ್ಲಿ ಪ್ರಾಂಪ್ಟರ್ ಪುಸ್ತಕ ಹಿಡಿದು ಕೂತು, ಪಾತ್ರಧಾರಿ ತಡವರಿಸಿದಾಗ ಮುಂದಿನ ಮಾತು ಪಿಸುಗುಟ್ಟುವುದು ಮಾಮೂಲು. ಅಣ್ಣಯ್ಯಪ್ಪ ರಂಗಕ್ಕೆ ಬಂದರೆ ಮಾತ್ರ ಪ್ರಾಂಪ್ಟರ್ ಪುಸ್ತಕ ಮುಚ್ಚಿ ಬೀಡಿ ಸೇದಲು ಹೋಗುತ್ತಿದ್ದನಂತೆ. ಈಗ ಎಪ್ಪತ್ತಾರನೇ ವಯಸ್ಸಿನಲ್ಲಿ, ಕುಣಿಗಲ್ಲಿನ ಒಂದು ನಾಟಕ ಮಂಡಳಿಯವರು ಸಂಕ್ರಾಂತಿ ಕಳೆದ ಮೇಲೆ ಆಡುವ ನಾಟಕದಲ್ಲಿ ಸೋತ ರಾಜನ ಕೊನೆಯ ಸೀನು ಒಂದನ್ನು ಅವರಿಗೇ ಕೊಟ್ಟಿದ್ದರು. ಎಂಟು ವರ್ಷದ ಮೇಲೆ ಬಣ್ಣ ಹಚ್ಚುವ ಸಂಭ್ರಮದಲ್ಲಿದ್ದರು ಮುದುಕರು.

"ಯಾರ ಮನೇಲಿ ರೆಕಾರ್ಡಿಂಗು?" ಎಂದು ಸಾಬರು ಕೇಳಿದ್ದು ಮೂರನೇ ಶನಿವಾರ. ಹೆಸರು ಕೇಳಿದ್ದೇ ಅವರ ಮುಖ ಅರಳಿತು. "ನಮ್ಮ ರಾಜಪಾರ್ಟ್ ಅಣ್ಣಯ್ಯಪ್ಪನೋರಾ! ಅವರ ಎಷ್ಟು ನಾಟಕಕ್ಕೆ ನಾನು ಮೈಕ್ ಕಟ್ಟಿಲ್ಲ! ಹಂಗಾದ್ರೆ ಮೇಡಂ, ಯೋಚ್ನೇನೇ ಬೇಡ, ಈ ಡೈನಾಮಿಕ್ ತಗೊಂಡೋಗಿ. ಬಾಯಿ ಹತ್ರ ಇಟ್ರೆ ಆ ಬಾಯಿಂದು ಮಾತ್ರ ಕೇಳ್ತದೆ. ಮಿಕ್ಕಿದ್ದು ಬುಟ್ಬುಡ್ತದೆ."

ನಂದಿತಾಳ ಕಣ್ಣು ಪಕ್ಕದ ಕಂಡೆನ್ಸರ್ ಮೈಕಿನ ಮೇಲಿತ್ತು. "ಅದ್ರಲ್ಲಿ ದನಿ ಎಷ್ಟು ತುಂಬ್ಕೊಂಡು ಬರುತ್ತೆ ನೋಡಿ ಸಾಬ್ರೇ."

"ತುಂಬ್ಕೊಂಡು ಬರ್ತದೆ, ನಿಜ. ಗೋಡೆ ಕೆಮ್ಮಿದ್ರೂ ತುಂಬ್ಕೊಂತದೆ. ಅದಕ್ಕೆ ಸ್ಟುಡಿಯೋ ಬೇಕು." ಸಾಬರು ಡೈನಾಮಿಕ್ ಮೈಕನ್ನು ಅವಳ ಕೈಗಿಟ್ಟರು. "ನಲವತ್ತು ವರ್ಷ ನಾಟಕಕ್ಕೆ ಮೈಕ್ ಕಟ್ಟಿದೀನಿ. ಪಾರ್ಟ್ ಮಾಡೋನ ದನಿ ಜೋರಾಗಿ ಕೇಳ್ಸೋದು ಯಾರ್ ಬೇಕಾದ್ರೂ ಮಾಡ್ತಾರೆ ಮೇಡಂ. ಪ್ರಾಂಪ್ಟರ್ ದನಿ ಕೇಳಿಸದಂಗೆ ಕಟ್ತಾನಲ್ಲ, ಅವನು ಮೈಕಿನೋನು."

"ತಾತಂಗೆ ಪ್ರಾಂಪ್ಟರ್ರೇ ಬೇಕಾಗಿರ್ಲಿಲ್ವಲ್ಲ."

"ಅದೂ ನಿಜವೇ. ಆದ್ರೂ ಮನೆ ಅಂದ್ಮೇಲೆ ಆಡಿದ್ದೆಲ್ಲ ಹೊರಗೆ ಹೋಗೋ ಮಾತಾಗಿರಲ್ಲ."

ನಂದಿತಾ ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಯೂಟ್ಯೂಬಿನಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿಕೊಂಡು ಕೂತ ಗಡ್ಡದವರ ಮೂವತ್ತು ವಿಡಿಯೋ ನೋಡಿದವಳಿಗೆ ಮದುವೆ ಮನೆಗೆ ಹಾರ್ನ್ ಕಟ್ಟುವ ಸಾಬರ ಮಾತು ಎಲ್ಲಿ ರುಚಿಸಬೇಕು? ಯೋಚನೆ ಮಾಡಿ ಹೇಳ್ತೀನಿ ಎಂದು ಎದ್ದವಳು, ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಮೊಬೈಲಿನಲ್ಲಿ ಕಂಡೆನ್ಸರನ್ನೇ ಆರ್ಡರ್ ಮಾಡಿದ್ದಳು. ಮೂರು ವಾರ ಅವರ ಟೀ ಕುಡಿದು ಆನ್‌ಲೈನಲ್ಲಿ ತರಿಸಿದೆನಲ್ಲ ಎಂದು ಮನಸ್ಸು ಚುರುಕ್ ಅಂದಿತು. ಅದಕ್ಕೆ ಅವಳು ಕಂಡುಕೊಂಡ ಪರಿಹಾರವೆಂದರೆ ಮಂಡಿಪೇಟೆಯ ದಾರಿ ಬಿಟ್ಟು ಸುತ್ತುಹಾಕಿಕೊಂಡು ಓಡಾಡುವುದು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಗುಬ್ಬಿಯ ಮನೆಯ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಹೊಸ ಮೈಕು ಕೂತಿತು. ಅಣ್ಣಯ್ಯಪ್ಪ ಇಸ್ತ್ರಿ ಮಾಡಿದ ಜುಬ್ಬ ಹಾಕಿ, ಮೀಸೆ ತೀಡಿಕೊಂಡು, ಎದುರಿಗೆ ಕೂತರು. ಅವರ ಹೆಂಡತಿ ದೊಡ್ಡಗಂಗಮ್ಮ ಒಂದು ಮಾರು ಹಿಂದೆ, ನಡುಮನೆಯ ಬಾಗಿಲಿಗೊರಗಿ, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು.

ನಂದಿತಾ ಹೆಡ್‌ಫೋನ್ ಹಾಕಿಕೊಂಡದ್ದು ನೋಡಿ ಅಣ್ಣಯ್ಯಪ್ಪ ನಕ್ಕರು. "ಏನವ್ವಾ, ನನ್ನ ಮಾತು ಕೇಳಕ್ಕೆ ಬಂದು ಕಿವಿ ಮುಚ್ಕೊಂಡ್ಯಾ?" ಅವಳು ನಾಚಿ ಅದನ್ನು ತೆಗೆದಿಟ್ಟಳು.

ಒಂದು ಗಂಟೆ ಹಳೆಯ ಕತೆಗಳು ಬಂದವು. ಆಮೇಲೆ ಅವಳು, "ಕುಣಿಗಲ್ ಸೀನು ಒಂಚೂರು ಹೇಳಿ ತಾತ" ಅಂದಳು. ಅಣ್ಣಯ್ಯಪ್ಪ ಎದ್ದು ನಿಂತರು. ಬೆನ್ನು ನೆಟ್ಟಗಾಯಿತು.

"ಎಲೈ ಸಾರಥಿ, ರಥವನ್ನು ಹಿಂದಿರುಗಿಸಬೇಡ. ನೂರು ಬಾಗಿಲ ಅರಮನೆಯಿಂದ ಹೊರಟ ನಾನು ಬಾಗಿಲೇ ಇಲ್ಲದ ಬಯಲಿನಲ್ಲಿ ನಿಂತಿದ್ದೇನೆ. ಸತ್ತವರ ಹೆಸರನ್ನು ಎಣಿಸಿ ಹೇಳಬೇಡ. ಅವರೆಲ್ಲರೂ ನನ್ನ ಮಾತು ನಂಬಿ ಬಂದವರು. ಅವರ ಮನೆಯ ದೀಪಗಳಿಗೆ ನಾನೇನೆಂದು ಉತ್ತರ ಹೇಳಲಿ?"

ನಂದಿತಾಳ ಮೈ ಜುಮ್ಮೆಂದಿತು. ಅವರ ಹಿಂದೆ ದೊಡ್ಡಗಂಗಮ್ಮಜ್ಜಿಯ ತುಟಿ ಅಲ್ಲಾಡುತ್ತಿದ್ದುದನ್ನು ಅವಳು ಕಂಡಿದ್ದಳು. ಗಂಡ ಪೂಜೆ ಮಾಡುವಾಗ ಹೆಂಡತಿಯೂ ಮಂತ್ರ ಹೇಳಿಕೊಳ್ಳುವುದಿಲ್ಲವೇ, ಹಾಗೇ ಅಂದುಕೊಂಡಳು.

ಮಾರನೇ ದಿನ ಸಂಜೆ ಎಡಿಟಿಂಗಿಗೆ ಕೂತಾಗ, ಸಣ್ಣ ದನಿಯನ್ನು ಎತ್ತಿ ಎಲ್ಲವನ್ನೂ ಸಮ ಮಾಡುವ ಒಂದು ಬಟನ್ನು ಒತ್ತಿದಳು. ಅವರೆಕಾಯಿಯ ಸಿಪ್ಪೆ ಚಟ್ ಎನ್ನುವುದೂ ಕಿವಿಯ ಪಕ್ಕದಲ್ಲೇ ಕೇಳಿತು. ಅದರ ಜೊತೆಗೆ ಒಂದು ಪಿಸುಮಾತು: "ನೂರು ಬಾಗಿಲ ಅರಮನೆಯಿಂದ." ಅರ್ಧ ಉಸಿರಿನಷ್ಟು ಬಿಡುವು. ಆಮೇಲೆ ತಾತನ ಗುಡುಗು: "ನೂರು ಬಾಗಿಲ ಅರಮನೆಯಿಂದ ಹೊರಟ ನಾನು…" ಮತ್ತೆ ಪಿಸುಮಾತು: "ಸತ್ತವರ ಹೆಸರನ್ನು." ಮತ್ತೆ ಗುಡುಗು. ಸಾಲು ಸಾಲಿಗೂ ಅಜ್ಜಿ ಮುಂದೆ, ತಾತ ಹಿಂದೆ.

ನಂದಿತಾ ಹೆಡ್‌ಫೋನ್ ತೆಗೆದಿಟ್ಟಳು. ಕಣ್ಣಲ್ಲಿ ನೀರು ಬಂತು, ಅದು ಸುಳ್ಳಲ್ಲ. ಆದರೆ ನೀರು ಒರೆಸಿಕೊಳ್ಳುತ್ತಲೇ ಅವಳ ತಲೆ ಬೇರೆ ಲೆಕ್ಕ ಹಾಕಿತು. ಇದು ಓಡುತ್ತೆ. ಇಷ್ಟು ದಿನ ಹಾಕಿದ ಯಾವುದೂ ಓಡಲಿಲ್ಲ, ಇದು ಓಡುತ್ತೆ. ಗುಬ್ಬಿಗೆ ಅರ್ಧ ಗಂಟೆಯ ದಾರಿ. ಇನ್ನೊಂದು ಭಾನುವಾರ ಹೋಗಿ ಬೇರೆ ಮೈಕಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಬಹುದಿತ್ತು. ಆ ಭಾಗವನ್ನೇ ಕತ್ತರಿಸಬಹುದಿತ್ತು. ಕೊನೇಪಕ್ಷ ಒಂದು ಫೋನು ಮಾಡಿ, ಹಾಕಲಾ ತಾತ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು.

ಪೂರ್ತಿ ಕಂತಿನ ಜೊತೆಗೆ ಆ ನಲವತ್ತು ಸೆಕೆಂಡನ್ನು ಬೇರೆ ತೆಗೆದು ರೀಲ್ ಮಾಡಿದಳು. ಮೇಲೆ 'ಪ್ರಾಂಪ್ಟರ್ ಬೇಡದ ರಾಜ, ರಾಜನ ಹಿಂದಿನ ರಾಣಿ' ಎಂದು ಬರೆದು ಒಂದು ಕೆಂಪು ಹೃದಯ ಅಂಟಿಸಿದಳು. ಇದು ಪ್ರೀತಿ, ಜನಕ್ಕೆ ಪ್ರೀತಿ ಕಾಣಲಿ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ಓಡಿತು. ಮೂರು ದಿನದಲ್ಲಿ ಎರಡು ಲಕ್ಷ ಜನ ನೋಡಿದರು. ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಗಳು ಕೈ ಕುಲುಕಿದರು. ಪ್ರಿನ್ಸಿಪಾಲರೂ ಅವಳನ್ನು ಮೊದಲ ಸಲ ಹೆಸರು ಹಿಡಿದು ಕರೆದರು. ಕಮೆಂಟುಗಳಲ್ಲಿ ಮೊದಮೊದಲು ಕೈಮುಗಿದ ಚಿತ್ರಗಳೇ ಇದ್ದವು. ಆಮೇಲೆ ಬಣ್ಣ ತಿರುಗಿತು. 'ಅಜ್ಜಿಗೇ ಕಿರೀಟ ಹಾಕ್ರಪ್ಪ.' 'ಐವತ್ತು ವರ್ಷ ಹೀಗೇ ಬುರುಡೆ ಬಿಟ್ಟಿದ್ದಾ ತಾತ?' 'ನೆನಪಿನ ಶಕ್ತಿ ಅಂತೆ, ನಮ್ಮಪ್ಪ ಸುಮ್ನೆ ಹೊಗಳ್ತಿದ್ರು.' ನಂದಿತಾ ಓದುತ್ತಾ ಓದುತ್ತಾ ತಣ್ಣಗಾದಳು.

ನಾಲ್ಕನೇ ದಿನ ಕುಣಿಗಲ್ ಮಂಡಳಿಯ ಮ್ಯಾನೇಜರ್ ಭೀಮರಾಜ್ ಫೋನ್ ಮಾಡಿದ. "ಮೇಡಂ, ಚೆನ್ನಾಗ್ ಮಾಡಿದೀರ. ಆದ್ರೆ ನಮ್ಗೆ ಪಜೀತಿ ಆಯ್ತು ನೋಡಿ. ಕಮಿಟಿಯೋರು ಅಣ್ಣಯ್ಯಪ್ಪನೋರಿಗೆ ಶಾಲು ಹಾಕಿ ಸನ್ಮಾನ ಮಾಡಾನ, ಸೀನು ಬೇರೆಯವ್ರಿಗೆ ಕೊಡಾನ ಅಂತವ್ರೆ. ನಾಕು ಸಾವಿರ ಜನದ ಮುಂದೆ ನಿಂತೋದ್ರೆ ಏನ್ ಗತಿ? ಪ್ರಾಂಪ್ಟರ್ ಸಾಲು ಸಾಲಿಗೂ ಹೇಳ್ಕೊಡಕ್ಕಾಗಲ್ಲ, ಅಜ್ಜೀನ ಸ್ಟೇಜ್ ಮೇಲೆ ಕೂರ್ಸಕ್ಕಾಗುತ್ತಾ? ನಾನು ಅವ್ರಿಗೆ ಹೇಳ್ದೆ, ನೀವೂ ಒಂದ್ಮಾತು ಸಮಾಧಾನ ಹೇಳಿ."

ಅವಳು ಆ ಕ್ಷಣವೇ ರೀಲ್ ಅಳಿಸಿದಳು, ಕಂತನ್ನೂ ತೆಗೆದಳು. ಅಳಿಸಿ ಏನು ಬಂತು? ಅಷ್ಟರಲ್ಲಿ ಅದು ತಾಲ್ಲೂಕಿನ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಉಂಡು ಮಲಗಿತ್ತು. ಎರಡು ದಿನ ಕಳೆದು, ಭಾನುವಾರ ಬೆಳಗ್ಗೆ ಗುಬ್ಬಿಯ ಬಸ್ಸು ಹತ್ತಿದಳು. ಕಾಲಿಗೆ ಬಿದ್ದು ತಪ್ಪಾಯಿತು ಅನ್ನುವುದು, ಅವರು ಎಷ್ಟು ಬೈದರೂ ಅನ್ನಿಸಿಕೊಳ್ಳುವುದು, ಇಷ್ಟೇ ಅವಳ ತಲೆಯಲ್ಲಿದ್ದದ್ದು. ಬೈಸಿಕೊಂಡರೆ ಹಗುರವಾಗಬಹುದು ಎಂಬ ಸ್ವಾರ್ಥವೂ ಅದರಲ್ಲಿತ್ತು.

ದೊಡ್ಡಗಂಗಮ್ಮ ಅವಳನ್ನು ಗೇಟಿನಲ್ಲೇ ಕಂಡು, ಮಾತಾಡಬೇಡ ಎಂದು ಸನ್ನೆ ಮಾಡಿ, ಮನೆಯ ಮಗ್ಗುಲಿಂದ ಹಿತ್ತಲಿಗೆ ಕರೆದುಕೊಂಡು ಹೋದರು.

"ಅಜ್ಜಿ, ನಾನು ತಪ್ಪು…"

"ಆಮ್ಯಾಕೆ ಅಳೀವಂತೆ. ಮೊದ್ಲು ನಾ ಹೇಳದ್ ಕೇಳು." ಅಜ್ಜಿ ಒಗೆಯುವ ಕಲ್ಲಿನ ಮೇಲೆ ಕೂತರು. "ಕಟಿಂಗ್ ಶಾಪಲ್ಲಿ ನಿಮ್ ತಾತಂಗೆ ಯಾರೋ ಅದ ಹಾಕಿ ಕೇಳಿಸವ್ರೆ. ಮನೆಗೆ ಬಂದು ಏನಂದ್ರು ಗೊತ್ತಾ? 'ಆ ಮೆಷಿನ್ ಸರಿಗಿಲ್ಲ ಕಣೆ, ನಿನ್ನ ಗುನುಗು ಮುಂದುಕ್ ಹಾಕಿ ನನ್ನ ಮಾತು ಹಿಂದುಕ್ ಹಾಕ್ಬುಟ್ಟೈತೆ' ಅಂತ. ಅವತ್ತಿಂದ ನನ್ನ ಹತ್ರ ಕೂರ್ಸಲ್ಲ. ಪಾರ್ಟ್ ಹೇಳದೂ ಇಲ್ಲ."

ನಂದಿತಾ ಬೆಪ್ಪಾದಳು. "ಅಂದ್ರೆ… ತಾತಂಗೆ ನೀವು ಹೇಳ್ಕೊಡೋದು ಗೊತ್ತಿಲ್ವಾ?"

"ಎಲ್ಲವ್ವ ಗೊತ್ತು? ಮದ್ವೆಯಾಗಿ ಬಂದಾಗಿಂದ ಅವ್ರು ಪಾರ್ಟ್ ಕಲಿಯುವಾಗ ನಾನೂ ಕೆಲ್ಸ ಮಾಡ್ತಾ ಹಿಂದಿಂದೆ ಹೇಳ್ಕೊಳೋಳು. ಅದು ಅಭ್ಯಾಸ ಆಗೋಯ್ತು, ಇಬ್ರಿಗೂ. ಎರಡು ವರ್ಷದಿಂದ ಅವ್ರು ಅಲ್ಲಲ್ಲೇ ನಿಂತ್ಕಳಕ್ಕೆ ಶುರುವಾದ್ರು. ಹಿಂದಿಂದೆ ಹೇಳ್ತಿದ್ದೋಳು ನಾನು ಒಸಿ ಮುಂದೆ ಹೋದೆ, ಅಷ್ಟೇಯ. ಅವ್ರಿಗೆ ತಿಳೀಲಿಲ್ಲ, ನಾ ಹೇಳ್ಲಿಲ್ಲ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ನೀನು ಓದಿದೋಳು. ಮೆಷಿನ್ದೇ ತಪ್ಪು ಅಂತ ಒಂದ್ಮಾತು ಹೇಳ್ಬುಡು. ನೀ ಹೇಳಿದ್ರೆ ನಂಬ್ತಾರೆ."

ಗಂಡ-ಹೆಂಡತಿ ಇಬ್ಬರೂ ಸೇರಿ ಊರಿಂದ ಮುಚ್ಚಿಟ್ಟದ್ದನ್ನು ತಾನು ಬಯಲು ಮಾಡಿದೆ ಎಂದು ನಂದಿತಾ ಅಂದುಕೊಂಡಿದ್ದಳು. ಆ ಮನುಷ್ಯನ ನೆನಪು ಹೋಗುತ್ತಿರುವುದನ್ನು ಆ ಮನುಷ್ಯನಿಗೇ ಕಟಿಂಗ್ ಶಾಪಿನಲ್ಲಿ ಕೇಳಿಸಿದ್ದೆ ಅನ್ನುವುದು ಈಗ ತಿಳಿಯಿತು. ಅವರು ಇನ್ನೂ ನಂಬಿಲ್ಲ, ಒಂದು ಸುಳ್ಳಿಗಾಗಿ ಕಾದು ಕೂತಿದ್ದಾರೆ.

ಅಣ್ಣಯ್ಯಪ್ಪ ಪಡಸಾಲೆಯಲ್ಲಿ ಕೂತಿದ್ದರು. ಅವಳನ್ನು ನೋಡಿ, "ಬಾರವ್ವ, ಯಾವ್ ಬಸ್ಸಿಗ್ ಬಂದೆ?" ಎಂದು ಎಂದಿನಂತೆಯೇ ಕೇಳಿದರು. ಸ್ವಲ್ಪ ಹೊತ್ತು ತೋಟದ ಮಾತು, ಬಸ್ಸಿನ ಮಾತು ಆಯಿತು. ಆಮೇಲೆ ಟವೆಲ್ಲಿನ ಅಂಚು ತಿರುಚುತ್ತಾ, "ಒಂದ್ ಮಾತು ಕೇಳ್ಲಾ? ಆ ರೆಕಾರ್ಡಲ್ಲಿ ಇವಳ ದನಿ ಮೊದ್ಲು ಬತ್ತದಲ್ಲ, ಅದು ಮೆಷಿನ್ ಹೆಚ್ಚುಕಮ್ಮಿಯೋ ಏನು?" ಅಂದರು.

"ಹೂಂ ತಾತ. ಮೈಕಿಂದೇ ತಪ್ಪು. ಹೊಸ ಮೈಕು, ನಂಗೆ ಸರಿಯಾಗಿ ಹಾಕಕ್ಕೆ ಬರ್ಲಿಲ್ಲ. ಹಿಂದಿಂದು ಮುಂದೆ ಬಿದ್ದುಬಿಟ್ಟಿದೆ."

ಮುದುಕರ ಮುಖ ನೋಡಬೇಕಿತ್ತು. ಮೂರ್ನಾಲ್ಕು ದಿನದಿಂದ ಬಿಗಿಹಿಡಿದ ಉಸಿರು ಬಿಟ್ಟವರಂತೆ ತೊಡೆ ತಟ್ಟಿ ನಕ್ಕರು. "ಅದ್ಕೇ ಅಂದೆ! ಕೇಳಿದ್ಯೇನೇ, ಮೆಷಿನ್ದಂತೆ!" ಎಂದು ಒಳಕ್ಕೆ ಕೂಗಿದರು. ಆಮೇಲೆ ಅವಳ ಕಡೆ ತಿರುಗಿ, "ಹಂಗಾರೆ ಭೀಮರಾಜಂಗೆ ಫೋನ್ ಹಚ್ಚು. ನೀನೇ ಹೇಳು" ಅಂದರು.

ಒಂದು ಸುಳ್ಳಿನ ಬೆನ್ನಿಗೇ ಇನ್ನೊಂದು ಇದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಫೋನು ಹಚ್ಚಿ, ಸ್ಪೀಕರ್ ಹಾಕಿ, ಮೈಕಿನ ತಪ್ಪಿನ ಕತೆಯನ್ನು ಅವನಿಗೂ ಹೇಳಿದಳು.

ಭೀಮರಾಜ್ ಎಳೆದ. "ಅಲ್ಲಾ ಮೇಡಂ, ಕಮಿಟಿಯೋರು ನಂಬಬೇಕಲ್ಲ…"

"ಕಮಿಟಿ ಯಾಕಯ್ಯಾ, ನೀನೇ ಕೇಳು. ಈಗ್ಲೇ ಹೇಳ್ತೀನಿ, ಇದ್ರಲ್ಲೇ ಕೇಳ್ಕೊ" ಎಂದು ಅಣ್ಣಯ್ಯಪ್ಪ ಎದ್ದೇ ನಿಂತರು. ಒಳಗಿನ ಬಾಗಿಲಿಗೆ ಬಂದ ಹೆಂಡತಿಗೆ, "ನೀನು ಅಡುಗೆಮನೆಗೆ ಹೋಗು. ಆಮೇಲೆ ಇದರಲ್ಲೂ ನಿನ್ನ ದನಿ ಬಿದ್ದಾತು" ಅಂದರು. ದೊಡ್ಡಗಂಗಮ್ಮ ನಂದಿತಾಳ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು.

"ಎಲೈ ಸಾರಥಿ, ರಥವನ್ನು ಹಿಂದಿರುಗಿಸಬೇಡ." ದನಿ ಹಾಗೇ ಇತ್ತು. "ನೂರು ಬಾಗಿಲ ಅರಮನೆಯಿಂದ ಹೊರಟ ನಾನು ಬಾಗಿಲೇ ಇಲ್ಲದ ಬಯಲಿನಲ್ಲಿ ನಿಂತಿದ್ದೇನೆ."

ಅಲ್ಲಿಗೆ ನಿಂತಿತು.

ಎತ್ತಿದ ಕೈ ಎತ್ತಿದಂತೆಯೇ ಇತ್ತು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಕಣ್ಣು ಅವರಿಗೇ ಗೊತ್ತಿಲ್ಲದೆ ನಡುಮನೆಯ ಬಾಗಿಲಿನ ಕಡೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಫೋನಿನಲ್ಲಿ ಭೀಮರಾಜ್ ಉಸಿರಾಡುವುದು ಕೇಳುತ್ತಿತ್ತು.

ಮುಂದಿನ ಸಾಲು ನಂದಿತಾಳಿಗೆ ಬಾಯಿಪಾಠ. ರೀಲ್ ಚೆನ್ನಾಗಿ ಬರಲಿ ಎಂದು ಅದನ್ನೇ ನಲವತ್ತು ಸಲ ಹಿಂದೆಮುಂದೆ ತಿರುಗಿಸಿ ಕೇಳಿದ್ದಳಲ್ಲ! ಅವಳು ಫೋನಿನ ಕೆಳಗಿನ ಮೈಕಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಮುಂದಕ್ಕೆ ಬಾಗಿ, ಉಸಿರಿನಲ್ಲೇ ಹೇಳಿದಳು: "ಸತ್ತವರ ಹೆಸರನ್ನು."

ಅಣ್ಣಯ್ಯಪ್ಪ ಬೆಚ್ಚಿ ಅವಳ ಕಡೆ ನೋಡಿದರು. ಅವಳು ಬೆರಳು ತೆಗೆದಳು.

"ಸತ್ತವರ ಹೆಸರನ್ನು ಎಣಿಸಿ ಹೇಳಬೇಡ," ಎಂದರು ಅವರು, ಅವಳ ಮೇಲಿಟ್ಟ ಕಣ್ಣನ್ನು ಕದಲಿಸದೆ. "ಅವರೆಲ್ಲರೂ ನನ್ನ ಮಾತು ನಂಬಿ ಬಂದವರು. ಅವರ ಮನೆಯ ದೀಪಗಳಿಗೆ ನಾನೇನೆಂದು ಉತ್ತರ ಹೇಳಲಿ?" ಇಷ್ಟು ಚೆನ್ನಾಗಿ ಅವರು ಅವತ್ತು ಮೈಕಿನ ಮುಂದೆಯೂ ಹೇಳಿರಲಿಲ್ಲ.

"ಭೇಷ್!" ಎಂದು ಕೂಗಿದ ಭೀಮರಾಜ್. "ಆ ನಿಲ್ಸಿದ್ರಲ್ಲ ನಡುವೆ, ಮೈ ನಡುಗೋಯ್ತು ಯಜಮಾನ್ರೆ! ಸೀನು ನಿಮ್ದೇ. ಕಮಿಟಿಯೋರಿಗೆ ನಾನು ಹೇಳ್ಕೋತೀನಿ."

ಅಣ್ಣಯ್ಯಪ್ಪ ಕೈ ಚಾಚಿ ಫೋನನ್ನು ಇಸಿದುಕೊಂಡರು. "ಭೀಮರಾಜಾ, ಬ್ಯಾಡ ಕಣಯ್ಯ. ಬೇರೆಯೋರಿಗೆ ಕೊಟ್ಟಿದೀಯಲ್ಲ, ಅವ್ರೇ ಮಾಡ್ಲಿ. ಶಾಲು ಹಾಕೋದಾದ್ರೆ ಎರಡು ತತ್ತಾ. ನಾವಿಬ್ರೂ ಬತ್ತೀವಿ." ಹಾಗೆಂದು ಫೋನನ್ನು ಅವಳ ಕೈಗಿಟ್ಟು ನಿಧಾನವಾಗಿ ಕೂತರು.

"ತಪ್ಪಾಯ್ತು ತಾತ." ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಅಣ್ಣಯ್ಯಪ್ಪ ಬೈಯಲಿಲ್ಲ. ಅಡುಗೆಮನೆಯ ಕಡೆ ನೋಡುತ್ತಾ, ಹೆಂಡತಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಇಷ್ಟು ವರ್ಷ ಅವಳು ಹೇಳ್ಕೊಟ್ಟಿದ್ದು ನಂಗೆ ಒಂದು ದಿನಾನೂ ಕೇಳಿಸ್ಲಿಲ್ಲ ಕಣವ್ವ. ನೀನು ಹೇಳಿದ್ದು ಕೇಳಿಸ್ತು."